ಐರಿಷ್ ಪೂರ್ವಜರ ಹುಡುಕಾಟ: ಯಾವುದು ಪುಕ್ಕಟೆ, ಯಾವುದಕ್ಕೆ ಕಾಸು ಬಿಚ್ಚಬೇಕು?

ಐರ್ಲೆಂಡ್ ಮೂಲದ ಮನೆತನ ಹುಡುಕಲು ಕುಳಿತ ಮೊದಲ ದಿನವೇ ಕಾರ್ಡ್ ತೆಗೆದು ಚಂದಾ ಕಟ್ಟುವುದು ದುಡುಕು. ಮುಖ್ಯ ದಾಖಲೆಗಳಲ್ಲಿ ಬಹುಪಾಲು ಪುಕ್ಕಟೆ. ಕಾಸು ಕೊಡಲೇಬೇಕಾದ ಜಾಗ ಒಂದೇ, ಅದೂ ಒಂದು ತಿಂಗಳ ಮಟ್ಟಿಗೆ.

ಮೊದಲ ಮೆಟ್ಟಿಲು ಸರ್ಕಾರಿ ತಾಣ, ಐರಿಷ್‌ಜೀನಿಯಾಲಜಿ ಡಾಟ್ ಐಇ. ಎಲ್ಲರ ಜನನ, ಮದುವೆ, ಮರಣದ ನೋಂದಣಿ ಶುರುವಾದದ್ದು 1864ರಲ್ಲಿ. ಕ್ಯಾಥೊಲಿಕರಲ್ಲದವರ ಮದುವೆಗಳು 1845ರಿಂದಲೇ ಇವೆ. 100 ವರ್ಷ ದಾಟಿದ ಜನನ, 75 ದಾಟಿದ ಮದುವೆ, 50 ದಾಟಿದ ಮರಣ ಇಲ್ಲಿ ಸಿಗುತ್ತವೆ, ಬಹುತೇಕ ಮೂಲ ಪುಟದ ಚಿತ್ರದೊಂದಿಗೆ. ಆದರೆ 1900ಕ್ಕೆ ಮುಂಚಿನ ಜನನ ಸೂಚಿಯಲ್ಲಿ ತಾಯಿಯ ತವರು ಹೆಸರಿಲ್ಲ. ಕಾರ್ಕ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಮೇರಿ ಮರ್ಫಿ ಎಂದು ಹಾಕಿದರೆ ಒಂದೊಂದೇ ಪುಟ ತೆರೆಯುತ್ತಾ ಕೂರಬೇಕು. ಇನ್ನೊಂದು ಗಮ್ಮತ್ತು: ತಡವಾಗಿ ನೋಂದಾಯಿಸಿದರೆ ದಂಡ ಬೀಳುತ್ತಿದ್ದುದರಿಂದ ಜನ ಹುಟ್ಟಿದ ದಿನವನ್ನೇ ಮುಂದಕ್ಕೆ ತಳ್ಳಿಬಿಡುತ್ತಿದ್ದರು. ಹಾಗಾಗಿ ಮಗು ಹುಟ್ಟುವ ಮೊದಲೇ ಅದಕ್ಕೆ ಚರ್ಚಿನಲ್ಲಿ ಜ್ಞಾನಸ್ನಾನ (ಬ್ಯಾಪ್ಟಿಸಂ) ಆದಂತೆ ಕಾಣುವುದುಂಟು. ಅಂಥಲ್ಲಿ ಚರ್ಚಿನ ತಾರೀಖನ್ನೇ ನಂಬಿ.

1864ಕ್ಕಿಂತ ಹಿಂದಕ್ಕೆ ಹೋಗಲು ಕ್ಯಾಥೊಲಿಕ್ ಮನೆತನಗಳಿಗೆ ಪ್ಯಾರಿಷ್ ಪುಸ್ತಕಗಳೇ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯ ದಾಖಲೆಗಳೇ ಗತಿ. ಇಲ್ಲಿ ಮೂರು ದಾರಿ.

ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಸುಮಾರು 1880ರವರೆಗಿನ ಪುಟಗಳ ಚಿತ್ರಗಳು ಪುಕ್ಕಟೆ, ಆದರೆ ಹೆಸರಿನಿಂದ ಹುಡುಕಲಾಗದು. ಪ್ಯಾರಿಷ್, ವರ್ಷ, ತಿಂಗಳು ಆರಿಸಿ ಪುಟ ತಿರುವಬೇಕು. ಎಷ್ಟೋ ಕಡೆ ಬರಹ ಲ್ಯಾಟಿನ್‌ನಲ್ಲಿ: ಯಾಕೋಬುಸ್ ಎಂದರೆ ಜೇಮ್ಸ್, ಗುಲಿಯೆಲ್ಮುಸ್ ಎಂದರೆ ವಿಲಿಯಂ. ಇದೇ ಚಿತ್ರಗಳಿಗೆ ಫೈಂಡ್‌ಮೈಪಾಸ್ಟ್ ಎಂಬ ವಂಶಾವಳಿ ತಾಣ ಮಾಡಿದ ಹೆಸರಿನ ಸೂಚಿಯೂ ಪುಕ್ಕಟೆಯೇ. ಮಸುಕಾದ ಕೈಬರಹವನ್ನು ತಪ್ಪಾಗಿ ಓದಿದ್ದು ಅದರಲ್ಲಿ ಸಾಕಷ್ಟಿದೆ, ಸಿಗದಿದ್ದರೆ ಇಲ್ಲವೆಂದಲ್ಲ. ಮೂರನೆಯದು ರೂಟ್ಸ್‌ಐರ್ಲೆಂಡ್, ಚಂದಾ ಕಟ್ಟಬೇಕು. ಪುಸ್ತಕಗಳನ್ನು ಓದಿ ನಕಲು ಮಾಡಿದವರು ಆಯಾ ಕೌಂಟಿಯ ಕೇಂದ್ರದವರು, ಸ್ಥಳೀಯ ಹೆಸರುಗಳ ಪರಿಚಯ ಇರುವವರು. ತಂದೆಯ ಹೆಸರು, ತಾಯಿಯ ತವರು ಹೆಸರು ಕೊಟ್ಟರೆ ಒಡಹುಟ್ಟಿದವರೆಲ್ಲ ಸಾಲಾಗಿ ಬರುತ್ತಾರೆ. ಕೊಟ್ಟ ದುಡ್ಡಿಗೆ ಇದೊಂದು ಸೌಲಭ್ಯವೇ ಸಾಕು. ಆದರೆ ಮೂಲ ಚಿತ್ರ ಇಲ್ಲ. ಸಿಕ್ಕ ತಾರೀಖು ಹಿಡಿದು ಗ್ರಂಥಾಲಯದ ಪುಟದಲ್ಲಿ ತಾಳೆ ನೋಡಲೇಬೇಕು. ಕೆರ್ರಿ ಕೌಂಟಿ ಅಥವಾ ಡಬ್ಲಿನ್ ನಗರದ ಮನೆತನವಾದರೆ ಚಂದಾ ವ್ಯರ್ಥ: ಅಲ್ಲಿನ ಚರ್ಚ್ ದಾಖಲೆ ಸರ್ಕಾರಿ ತಾಣದಲ್ಲೇ ಇದೆ.

ಜನಗಣತಿಯಲ್ಲಿ ಪೂರ್ತಿ ಉಳಿದ ಅತಿ ಹಳೆಯವು 1901 ಮತ್ತು 1911ರವು. 1821ರಿಂದ 1851ರವರೆಗಿನವು ಬಹುತೇಕ 1922ರ ಜೂನ್ 30ರಂದು ಡಬ್ಲಿನ್‌ನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಮುಚ್ಚಯದಲ್ಲಿ ಸುಟ್ಟವು. 1861ರಿಂದ 1891ರವರೆಗಿನವನ್ನು ಅದಕ್ಕೂ ಮೊದಲೇ ಸರ್ಕಾರವೇ ನಾಶಮಾಡಿತ್ತು. 1911ರ ವಯಸ್ಸು ನಂಬಬೇಡಿ. 1909ರಿಂದ 70 ತುಂಬಿದವರಿಗೆ ಪಿಂಚಣಿ ಬರತೊಡಗಿತು. ಹತ್ತೇ ವರ್ಷದಲ್ಲಿ ಹದಿನಾಲ್ಕು ವರ್ಷ ದೊಡ್ಡವರಾದ ಅಜ್ಜಂದಿರು ಅಲ್ಲಿ ಕಾಣಸಿಗುತ್ತಾರೆ. ಆದರೆ ಮದುವೆಯಾಗಿ ಎಷ್ಟು ವರ್ಷ, ಹೆತ್ತ ಮಕ್ಕಳೆಷ್ಟು, ಉಳಿದವರೆಷ್ಟು ಎಂಬ ಕಾಲಂ ಈ ಎರಡರಲ್ಲಿ 1911ರದ್ದರಲ್ಲಿ ಮಾತ್ರ ಇದೆ.

ಗ್ರಿಫಿತ್ ಮೌಲ್ಯಮಾಪನ (1847–1864), ಅಂದರೆ ತೆರಿಗೆಗಾಗಿ ಜಮೀನು, ಮನೆಗಳಿಗೆ ಬೆಲೆ ಕಟ್ಟಿದ ಪಟ್ಟಿ, ಜನಗಣತಿಗೆ ಬದಲಿಯಲ್ಲ. ಜಾಗ ಹಿಡಿದಿದ್ದವನ ಹೆಸರಷ್ಟೇ ಇದೆ, ಹೆಂಡತಿ ಮಕ್ಕಳದ್ದಿಲ್ಲ. ಅದರ ಬೆಲೆ ಟೌನ್‌ಲ್ಯಾಂಡ್ ತೋರಿಸುವುದರಲ್ಲಿ. ನಮ್ಮ ಮಜರೆ ಗ್ರಾಮದಂಥ ಈ ಪುಟ್ಟ ಘಟಕಗಳು 60,000ಕ್ಕೂ ಹೆಚ್ಚಿವೆ. ಎಡವುವುದು ಇಲ್ಲೇ: ಗ್ರಿಫಿತ್ ನಡೆಯುವುದು ಸಿವಿಲ್ ಪ್ಯಾರಿಷ್ ಎಂಬ ಸರ್ಕಾರಿ ವಿಭಾಗದ ಲೆಕ್ಕದಲ್ಲಿ, ಪಾದ್ರಿಯ ಪುಸ್ತಕ ಕ್ಯಾಥೊಲಿಕ್ ಪ್ಯಾರಿಷ್ ಲೆಕ್ಕದಲ್ಲಿ. ಎರಡರ ಗಡಿಯೂ ಹೆಸರೂ ಎಷ್ಟೋ ಕಡೆ ಬೇರೆ.

ಮನೆಯಲ್ಲಿ ಕೇಳಿದ ಮಾತುಗಳಲ್ಲಿ ಊರಿನ ಹೆಸರಿಗೆ ತೂಕ ಕೊಡಿ, ಎಷ್ಟೇ ವಿಕಾರವಾಗಿ ಕಿವಿಗೆ ಬಿದ್ದಿದ್ದರೂ ಸರಿ. ಕಾಗುಣಿತಕ್ಕೆ ಕೊಡಬೇಡಿ, ಮನೆತನದ ಹೆಸರಿನ ಮುಂದಿನ ‘ಓ’, ‘ಮ್ಯಾಕ್’ ಬೀಳುತ್ತವೆ, ಮತ್ತೆ ಅಂಟಿಕೊಳ್ಳುತ್ತವೆ. ‘ಕಾರ್ಕ್‌ನವರು’ ಎಂದರೆ ಅಲ್ಲಿನ ಬಂದರಲ್ಲಿ ಹಡಗು ಹತ್ತಿದವರು ಎಂದಷ್ಟೇ ಇರಬಹುದು. ಮೊದಲ ಮಗನಿಗೆ ತಂದೆಯ ತಂದೆ, ಎರಡನೆಯವನಿಗೆ ತಾಯಿಯ ತಂದೆಯ ಹೆಸರಿಡುವ ರೂಢಿ ಸುಳಿವು ಕೊಡುತ್ತದೆ, ಸಾಕ್ಷಿಯಾಗುವುದಿಲ್ಲ.

ಬೆಂಗಳೂರು ದಂಡು ಪ್ರದೇಶದ, ಐರಿಷ್ ಸೈನಿಕರ ಮೂಲದ ಆಂಗ್ಲೋ-ಇಂಡಿಯನ್ ಮನೆತನಗಳಿಗೆ ದಾರಿ ಬೇರೆ. ಬ್ರಿಟಿಷ್ ಲೈಬ್ರರಿಯ ಎನ್/2 ಸರಣಿ, ಅಂದರೆ ಮದ್ರಾಸ್ ಪ್ರಾಂತ್ಯದ ಚರ್ಚ್ ದಾಖಲೆ, ಫೈಂಡ್‌ಮೈಪಾಸ್ಟ್‌ನಲ್ಲಿದೆ. ಅಲ್ಲಿ ಸೈನಿಕನ ರೆಜಿಮೆಂಟ್ ಸಿಕ್ಕರೆ ಲಂಡನ್ನಿನ ಕ್ಯೂ (Kew) ಎಂಬಲ್ಲಿನ ಬ್ರಿಟನ್ ರಾಷ್ಟ್ರೀಯ ದಾಖಲೆಗಾರದಲ್ಲಿರುವ, ಡಬ್ಲ್ಯುಒ 97 ಎಂಬ ಸರಣಿಯ ಬ್ರಿಟಿಷ್ ಸೇನೆಯ ನಿವೃತ್ತಿ ಕಾಗದಗಳಿಗೆ ಹೋಗಿ. ಸೈನಿಕ ಹುಟ್ಟಿದ ಪ್ಯಾರಿಷ್ ಅವುಗಳಲ್ಲಿ ಬರೆದಿರುತ್ತದೆ. 1883ಕ್ಕೆ ಮುಂಚಿನವುಗಳಲ್ಲಿ ಬಹುತೇಕ ಪಿಂಚಣಿ ಪಡೆದವರದು ಮಾತ್ರ. ಸೇವೆಯಲ್ಲಿದ್ದಾಗಲೇ ತೀರಿಕೊಂಡವರಿಗೆ ಉಳಿಯುವುದು ಎನ್/2ರ ಸಮಾಧಿ ನಮೂದು, ಅದರಲ್ಲಿ ಹುಟ್ಟೂರು ಸಿಗುವುದು ಅಪರೂಪ.