ರ‍್ಯಾಮ್, ಸ್ವಾಪ್, ಪಿಜಿಬೌನ್ಸರ್: ದಾಲ್ ಮಿಲ್ಲಿನ ಸರ್ವರಿನಲ್ಲಿ ಬಳಸಿ ನೋಡಿದ ಹೋಲಿಕೆ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ನಡೆಯುವ ಸರ್ವರನ್ನು ನೋಡಿಕೊಳ್ಳುವ ಕೆಲಸ ನನ್ನದು. 16 ಜಿಬಿ ಇದ್ದ ರ‍್ಯಾಮನ್ನು ಹಣ ಕೊಟ್ಟು 32 ಜಿಬಿಗೆ ಏರಿಸಿದ ಮೇಲೂ, ತೊಗರಿಯ ಆವಕ ಹೆಚ್ಚುವ ಜನವರಿಯಲ್ಲಿ ಮೆಮೊರಿ ತೀರಿ ಡೇಟಾಬೇಸ್ ಕುಸಿಯುವ ಅದೇ ತೊಂದರೆ ಮರಳಿ ಬಂದಿತು. ಅದನ್ನು ನಿಲ್ಲಿಸಿದ್ದು ಬಿಟ್ಟಿಯಾಗಿ ಸಿಗುವ ಪಿಜಿಬೌನ್ಸರ್ ಎಂಬ ಪುಟ್ಟ ತಂತ್ರಾಂಶ. ಆದ್ದರಿಂದ ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ತೊಂದರೆಯ ಸ್ವರೂಪ ಹೀಗಿತ್ತು. ಮೆಮೊರಿ ತೀರಿದಾಗ ಸರ್ವರಿನ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಯಾವುದಾದರೊಂದು ಪ್ರಕ್ರಿಯೆಯನ್ನು ಆರಿಸಿ ಕೊಲ್ಲುತ್ತದೆ. ಪೋಸ್ಟ್‌ಗ್ರೆಸ್ ಪ್ರತಿ ಸಂಪರ್ಕಕ್ಕೂ ಒಂದು ಪ್ರತ್ಯೇಕ ಪ್ರಕ್ರಿಯೆಯನ್ನು ನಡೆಸುತ್ತದೆ; ಅವುಗಳಲ್ಲಿ ಒಂದು ಸಿಗ್ನಲ್ 9ರಿಂದ, ಅಂದರೆ ಕೊಲ್ಲುವ ಆಜ್ಞೆಯಿಂದ, ಸತ್ತರೂ, ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂಬ ಅನುಮಾನದಿಂದ ಉಳಿದೆಲ್ಲ ಸಂಪರ್ಕಗಳನ್ನು ಕಡಿದು, ಡೇಟಾಬೇಸನ್ನು ಮತ್ತೆ ಸರಿಪಡಿಸಿಕೊಂಡು ಮೇಲೇಳುತ್ತದೆ. ಅಂದರೆ ಕಚೇರಿಯಲ್ಲಿ ಯಾರೋ ಒಬ್ಬರು ವರ್ಷದ ದಾಸ್ತಾನು ವರದಿ ತೆಗೆದರೆ, ಲಾರಿ ತೂಗುವ ಕಾಟಾದ ಬಳಿ ಕೊಡಬೇಕಾದ ತೂಕದ ಪಾವತಿ ಚೀಟಿ ನಿಂತುಹೋಗುತ್ತಿತ್ತು. ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ಡಿಮೆಸ್ಜ್ ಆದೇಶದ ಉತ್ತರದಲ್ಲಿ ಈ ಕೊಲೆಯ ಸಾಲು ಸ್ಪಷ್ಟವಾಗಿ ಸಿಗುತ್ತದೆ. ಪ್ರಕ್ರಿಯೆಗಳ ಪಟ್ಟಿ ಕೊಡುವ ಟಾಪ್ ಆದೇಶದಲ್ಲಿ ಮೆಮೊರಿ ಬಳಕೆ ತೋರಿಸುವ ರೆಸ್ ಅಂಕಣವನ್ನು ಮಾತ್ರ ಯಾರೂ ಕೂಡಿಸಿ ಲೆಕ್ಕ ಹಾಕಬಾರದು. ಎಲ್ಲ ಪ್ರಕ್ರಿಯೆಗಳೂ ಹಂಚಿಕೊಳ್ಳುವ ಮೆಮೊರಿಯಾದ ಷೇರ್ಡ್ ಬಫರ್ಸ್ ಪ್ರತಿ ಪ್ರಕ್ರಿಯೆಯಲ್ಲೂ ಮತ್ತೆ ಮತ್ತೆ ಎಣಿಕೆಯಾಗುವುದರಿಂದ ಆ ಮೊತ್ತ ಸುಳ್ಳು.

ಮೊದಲು ರ‍್ಯಾಮಿನ ಮಾತು. ನಮ್ಮ ಯಂತ್ರಕ್ಕೆ ಬೇಕಾದದ್ದು ಸರ್ವರುಗಳಿಗೆಂದೇ ಬರುವ ರಿಜಿಸ್ಟರ್ಡ್ ಬಗೆಯ ಡಿಡಿಆರ್4. ಊರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಸುತ್ತಿನ ಅಂಗಡಿಗಳಲ್ಲಿ ನಮಗೆ ಸಿಕ್ಕಿದ್ದು ಮನೆಯ ಕಂಪ್ಯೂಟರಿನ ಬಗೆ, ಅವೆರಡನ್ನೂ ಒಟ್ಟಿಗೆ ಹಾಕಲು ಬರುವುದಿಲ್ಲ. ಹೀಗಾಗಿ ಹೈದರಾಬಾದಿನಿಂದ ತರಿಸಬೇಕಾಯಿತು. ಹಾಕಿದ ಮೇಲೆ ವರದಿಗಳು ಚುರುಕಾದದ್ದು ನಿಜ, ಆದರೆ ಲೆಕ್ಕ ನೋಡಿ. ತಂತ್ರಾಂಶ ಕೊಟ್ಟವರು ವರ್ಕ್ ಮೆಮ್ ಎಂಬ ಕೆಲಸದ ಮೆಮೊರಿಯ ಮಿತಿಯನ್ನು 64 ಎಂಬಿಗೆ ಇಟ್ಟಿದ್ದರು. ಮೂಲದಲ್ಲಿ ಅದು ಇರುವುದು 4 ಎಂಬಿ. ಈ ಮಿತಿ ಅನ್ವಯವಾಗುವುದು ಇಡೀ ಸಂಪರ್ಕಕ್ಕಲ್ಲ, ಕ್ವೆರಿಯೊಳಗಿನ (ಡೇಟಾಬೇಸಿಗೆ ಕೇಳುವ ಪ್ರಶ್ನೆಯೊಳಗಿನ) ಪ್ರತಿಯೊಂದು ವಿಂಗಡಣೆಗೆ. ನಾಲ್ಕು ವಿಂಗಡಣೆಗಳಿರುವ ವರದಿಗೆ ಎರಡು ಸಹಾಯಕ ಪ್ರಕ್ರಿಯೆಗಳೂ ಸೇರಿ ಮೂರಾದರೆ ಒಟ್ಟು 768 ಎಂಬಿಯವರೆಗೆ ಹೋಗಬಹುದು, ಅಂಥವು 20 ಒಮ್ಮೆಲೇ ನಡೆದರೆ 15 ಜಿಬಿ. ಸುಗ್ಗಿಯಲ್ಲಿ ಗಂಜಿನ ಅಂಗಡಿ, ಗೋದಾಮು, ಕಾಟಾ, ಲೆಕ್ಕದ ಕೋಣೆ ಎಲ್ಲವೂ ಒಟ್ಟಿಗೆ ಕೇಳುತ್ತಿರುವಾಗ ಈ ಸಂಖ್ಯೆ ಎಲ್ಲಿಗೆ ಮುಟ್ಟುತ್ತದೆಂದು ಹೇಳಲಾಗುತ್ತಿರಲಿಲ್ಲ. ಎಷ್ಟು ರ‍್ಯಾಮ್ ತುಂಬಿದರೂ ಅದು ಕುಸಿತದ ದಿನವನ್ನು ಮುಂದೂಡುತ್ತದೆಯೇ ಹೊರತು ತಪ್ಪಿಸುವುದಿಲ್ಲ.

ಸ್ವಾಪ್, ಅಂದರೆ ಮೆಮೊರಿ ಸಾಲದಾದಾಗ ಬಳಸುವ ಡಿಸ್ಕಿನ ಜಾಗವನ್ನು ಹೆಚ್ಚಿಸುವ ಉಪಾಯ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಸರ್ವರ್ ಸಾಯುವುದಿಲ್ಲ, ಬದುಕಿಯೂ ಉತ್ತರ ಕೊಡುವುದಿಲ್ಲ.

ಓವರ್‌ಕಮಿಟ್ ಮೆಮೊರಿ ಎಂಬ ಕರ್ನಲ್ ಸೆಟ್ಟಿಂಗನ್ನು 2ಕ್ಕೆ ಇಟ್ಟು, ಇರುವುದಕ್ಕಿಂತ ಹೆಚ್ಚು ಮೆಮೊರಿ ಹಂಚದಂತೆ ತಡೆಯುವುದು ಅದಕ್ಕಿಂತ ಮೇಲು. ಆಗ ಮೆಮೊರಿ ಕೇಳಿದ ಕ್ವೆರಿಯೊಂದೇ ಸೋಲುತ್ತದೆ, ಉಳಿದವು ನಡೆಯುತ್ತಿರುತ್ತವೆ. ಆದರೆ ಅದರ ಅನುಪಾತ ಮೂಲದಲ್ಲಿ ಶೇ 50 ಇರುವುದರಿಂದ, 32 ಜಿಬಿ ರ‍್ಯಾಮ್ ಮತ್ತು 2 ಜಿಬಿ ಸ್ವಾಪ್ ಇದ್ದರೂ ಹಂಚಲು ಸಿಗುವುದು 18 ಜಿಬಿ ಮಾತ್ರ. ಅನುಪಾತವನ್ನು ಏರಿಸದೆ ಇದನ್ನು ಮುಟ್ಟಬೇಡಿ.

ಪಿಜಿಬೌನ್ಸರ್ ಮಾಡುವುದು ಇಷ್ಟೇ: ನೂರಾರು ಗ್ರಾಹಕ ಸಂಪರ್ಕಗಳನ್ನು ತನ್ನ ಬಳಿ ಹಿಡಿದಿಟ್ಟುಕೊಂಡು, ಡೇಟಾಬೇಸಿಗೆ ಕೆಲವನ್ನು ಮಾತ್ರ ಬಿಡುತ್ತದೆ. ಹೀಗೆ ಬಿಡುವ ಸಂಪರ್ಕಗಳ ಗುಂಪನ್ನು, ಅಂದರೆ ಪೂಲನ್ನು, 10ಕ್ಕೆ ಇಟ್ಟೆ. ಹಿಂದಿನ ಲೆಕ್ಕದಲ್ಲೇ ಹೇಳುವುದಾದರೆ 15 ಜಿಬಿಯ ಜಾಗದಲ್ಲಿ 7.5 ಜಿಬಿ, ಹನ್ನೊಂದನೆಯವರು ಸರದಿಯಲ್ಲಿ ಕಾಯುತ್ತಾರೆ. ಆ ಕಾಯುವಿಕೆಯ ಬಗ್ಗೆ ಕಾಟಾದವರಿಂದ ದೂರು ಬಂದಿಲ್ಲ.

ಇದರಲ್ಲಿ ನನ್ನನ್ನು ನಿಜವಾಗಿ ಕಾಡಿದ್ದು, ಮತ್ತೆ ಮತ್ತೆ ಬಳಸಲೆಂದು ಮೊದಲೇ ಸಿದ್ಧಪಡಿಸಿಟ್ಟ ಕ್ವೆರಿ, ಅಂದರೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಮೆಮೊರಿಯ ಉಳಿತಾಯ ಪೂರ್ತಿ ಸಿಗಬೇಕಾದರೆ ಪಿಜಿಬೌನ್ಸರಿನ ಟ್ರಾನ್ಸಾಕ್ಷನ್ ವಿಧಾನವನ್ನೇ ಬಳಸಬೇಕು, ಮತ್ತು ಆ ವಿಧಾನದಲ್ಲಿ ಒಂದು ವ್ಯವಹಾರ ಮುಗಿದ ಕೂಡಲೇ ಡೇಟಾಬೇಸಿನ ಕಡೆಯ ಸಂಪರ್ಕ ಬೇರೆಯವರ ಪಾಲಾಗುತ್ತದೆ. ನಮ್ಮ ಬಿಲ್ಲಿಂಗ್ ತಂತ್ರಾಂಶ ಜಾವಾದ್ದು. ಅದನ್ನು ಡೇಟಾಬೇಸಿಗೆ ಜೋಡಿಸುವ ಜೆಡಿಬಿಸಿ ಡ್ರೈವರ್ ಒಂದೇ ಸ್ಟೇಟ್‌ಮೆಂಟನ್ನು ಐದು ಸಲ ಬಳಸಿದ ಮೇಲೆ ಅದಕ್ಕೆ ಎಸ್_1 ಎಂಬಂಥ ಹೆಸರು ಕೊಟ್ಟು ಸರ್ವರಿನಲ್ಲೇ ಉಳಿಸುತ್ತದೆ. ಮುಂದಿನ ಸಲ ಕೈಗೆ ಬರುವ ಸಂಪರ್ಕದಲ್ಲಿ ಆ ಹೆಸರೇ ಇರುವುದಿಲ್ಲ.

ಇದರ ಕಿರಿಕಿರಿ ಇರುವುದು ಆ ಐದು ಎಂಬ ಸಂಖ್ಯೆಯಲ್ಲಿ. ಒಬ್ಬನೇ ಕುಳಿತು ಪರೀಕ್ಷಿಸುವಾಗ ಒಂದೆರಡು ಪಾವತಿ ಚೀಟಿ ಮುದ್ರಿಸಿ ನೋಡುತ್ತೇವೆ, ಎಲ್ಲವೂ ಸರಿಯಾಗಿರುತ್ತದೆ; ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿದ ಮೇಲೆ, ಅದೂ ಕೆಲವು ಸಲ ಮಾತ್ರ, ಸ್ಟೇಟ್‌ಮೆಂಟ್ ಇಲ್ಲವೆಂಬ ದೋಷ ಬರುತ್ತದೆ. ತಂತ್ರಾಂಶದವರು ನೆಟ್‌ವರ್ಕಿನ ಮೇಲೆ ಹೊರಿಸಿದರು, ನೆಟ್‌ವರ್ಕಿನವರು ಕರೆಂಟಿನ ಮೇಲೆ. ಲಾಗಿನಲ್ಲಿ ಎಸ್_1 ಕಂಡ ಮೇಲಷ್ಟೇ ಈ ಹಗ್ಗಜಗ್ಗಾಟ ನಿಂತದ್ದು.

ಪರಿಹಾರ ಎರಡಿವೆ. ಸಂಪರ್ಕದ ವಿಳಾಸದಲ್ಲಿ ಪ್ರಿಪೇರ್ ಥ್ರೆಶೋಲ್ಡ್ ಅನ್ನು 0 ಮಾಡಿದರೆ ಡ್ರೈವರ್ ಹೆಸರಿಡುವುದನ್ನೇ ಬಿಡುತ್ತದೆ. ಇಲ್ಲವೇ 2023ರಲ್ಲಿ ಬಂದ ಪಿಜಿಬೌನ್ಸರ್ 1.21 ಅಥವಾ ಅದರ ನಂತರದ ಆವೃತ್ತಿಯನ್ನು ಹಾಕಿ, ಮ್ಯಾಕ್ಸ್ ಪ್ರಿಪೇರ್ಡ್ ಸ್ಟೇಟ್‌ಮೆಂಟ್ಸ್ ಸೊನ್ನೆಯಲ್ಲದಂತೆ ನೋಡಿಕೊಳ್ಳಬೇಕು. ಆಗ ಆ ಹೆಸರುಗಳ ಜಾಡನ್ನು ಅದೇ ಹಿಡಿಯುತ್ತದೆ. ಉಬುಂಟು 22.04 ಎಂಬ ಲಿನಕ್ಸಿನ ಸ್ವಂತ ತಂತ್ರಾಂಶ ಭಂಡಾರದಲ್ಲಿರುವುದು 1.16, ಆದ್ದರಿಂದ ಪೋಸ್ಟ್‌ಗ್ರೆಸ್ ಯೋಜನೆಯವರ ಭಂಡಾರದಿಂದ ತರಿಸಿಕೊಳ್ಳುವುದು ಒಳ್ಳೆಯದು. ಬಿಲ್ಲಿಂಗ್ ತಂತ್ರಾಂಶದ ವಿಳಾಸಕ್ಕೆ ಕೈಹಾಕಲು ಪ್ರತಿ ಸಲವೂ ಅದರ ಒಡೆಯರನ್ನು ಕೇಳಬೇಕಾದ ಕಾರಣ ನಾನು ಎರಡನೆಯದನ್ನು ಆರಿಸಿಕೊಂಡೆ.

ಡೇಟಾಬೇಸಿನ ನಕಲು ತೆಗೆಯುವ ರಾತ್ರಿಯ ಪಿಜಿಡಂಪ್ ಬ್ಯಾಕಪ್ ಮಾತ್ರ 6432 ಪೋರ್ಟಿನ ಪಿಜಿಬೌನ್ಸರನ್ನು ಬಿಟ್ಟು ನೇರವಾಗಿ ಡೇಟಾಬೇಸಿನ ಪೋರ್ಟಾದ 5432ಕ್ಕೇ ಹೋಗುತ್ತದೆ.

ನಾನು ದಿನವೂ ಮಿಲ್ಲಿನಲ್ಲಿ ಕೂರುವವನಲ್ಲ. ಮನೆಯಿಂದಲೇ ಒಂದು ಫೈಲು ತಿದ್ದಿ ಸರಿಪಡಿಸಬಹುದಾದದ್ದು ನನಗೆ ಬೇಕು. ಮಾಲೀಕರ ಲೆಕ್ಕದಲ್ಲಿ ಯಂತ್ರದ ಮೇಲಿನ ಖರ್ಚು ಬೇಳೆಯ ದರ ಬಿದ್ದ ವರ್ಷ ಮೊದಲು ನಿಲ್ಲುವ ಖರ್ಚು. ಹೀಗಾಗಿ ಈ ಸರ್ವರಿಗೆ ಪಿಜಿಬೌನ್ಸರ್ ಮತ್ತು 16 ಎಂಬಿಗೆ ಇಳಿಸಿದ ವರ್ಕ್ ಮೆಮ್ ಸಾಕು. ವರದಿ ತೆಗೆಯುವ ಬಳಕೆದಾರರಿಗಷ್ಟೇ ಹಳೆಯ 64ನ್ನು ಉಳಿಸಿದ್ದೇನೆ. ಯಾದಗಿರಿಯಲ್ಲಿ ನಾನು ನೋಡಿಕೊಳ್ಳುವ ಇನ್ನೊಂದು ಅಂಗಡಿಯಲ್ಲಿ ಬಳಸುವವರೇ ಐದಾರು ಜನ. ಅಲ್ಲಿ ಪಿಜಿಬೌನ್ಸರ್ ಹಾಕಿಲ್ಲ, ವರ್ಕ್ ಮೆಮ್ ಇಳಿಸಿದ್ದಷ್ಟೇ.