ಕಾಗಜಿ ಮತ್ತು ಕಾಡು ಆಕ್ರೋಟು: ತುಮಕೂರಿನ ಅಡುಗೆಮನೆಯಲ್ಲೊಂದು ಹೋಲಿಕೆ

ಸೇನೆಯಲ್ಲಿರುವ ನನ್ನ ಸೋದರಳಿಯ ಕಳೆದ ದೀಪಾವಳಿಗೆ ತುಮಕೂರಿಗೆ ಬಂದಾಗ ಕಾಶ್ಮೀರದ ಕುಪ್ವಾರದಿಂದ ಎರಡು ಚೀಲ ಆಕ್ರೋಟು ತಂದಿದ್ದ. ಒಂದರಲ್ಲಿದ್ದುದು ತೋಟದ ಕಸಿ ಮರದ ‘ಕಾಗಜಿ’. ಇನ್ನೊಂದರಲ್ಲಿ ಕಾಡಂಚಿನಲ್ಲಿ ತಾನಾಗಿ ಬೆಳೆದ ಮರದ ಗಟ್ಟಿಕಾಯಿ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎರಡೂ ಜುಗ್ಲಾನ್ಸ್ ರೀಜಿಯಾ ಎಂಬ ಒಂದೇ ಪ್ರಭೇದ. ನಮ್ಮ ಕಸಿ ಮಾವಿಗೂ ನಾಟಿ ಮಾವಿಗೂ ಇರುವ ನಂಟೇ ಇವುಗಳದ್ದೂ.

ತಲಾ ಅರ್ಧ ಕೆ.ಜಿ. ತೂಗಿ ಒಡೆದೆ. ಕಾಗಜಿಯ ಎರಡು ಕಾಯಿಗಳನ್ನು ಅಂಗೈಯಲ್ಲಿಟ್ಟು ಒತ್ತಿದರೆ ಚಿಪ್ಪು ಬಿರಿದು ತಿರುಳು ಇಡಿಯಾಗಿ ಬರುತ್ತದೆ. ಅರ್ಧ ಗಂಟೆಯೊಳಗೆ 240 ಗ್ರಾಂ ಸಿಕ್ಕಿತು. ಕಾಡುಕಾಯಿಗೆ ಅಡಕೊತ್ತು ಹಿಡಿದರೆ ಅಲಗು ಜಾರಿತೇ ಹೊರತು ಚಿಪ್ಪು ಜಗ್ಗಲಿಲ್ಲ. ಕೊನೆಗೆ ಒರಳಿನಲ್ಲಿಟ್ಟು ಗುಂಡುಕಲ್ಲಿನಿಂದ ಕುಟ್ಟಬೇಕಾಯಿತು. ಒಡೆದ ಮೇಲೂ ಕೆಲಸ ಮುಗಿಯುವುದಿಲ್ಲ. ಒಳಗಿನ ಅಡ್ಡಗೋಡೆಗಳು ಮರದಷ್ಟು ಗಟ್ಟಿಯಾಗಿದ್ದು, ತಿರುಳು ಅವುಗಳ ಸಂದಿನಲ್ಲಿ ಸಿಕ್ಕಿಕೊಂಡಿರುವುದರಿಂದ ದಬ್ಬಳದಿಂದ ಚೂರುಚೂರಾಗಿ ಕೆದಕಿ ತೆಗೆಯಬೇಕು. ಎರಡು ಗಂಟೆಯ ದುಡಿಮೆಗೆ ದಕ್ಕಿದ್ದು 135 ಗ್ರಾಂ.

ಹಾಗೆಯೇ ತಿನ್ನಲು ಕಾಗಜಿಯೇ ಹಿತ. ಕಾಡುಕಾಯಿಯ ತಿರುಳಿನ ಕಂದು ಹೊಟ್ಟು ಮೊದಲು ಒಗರಾಗಿ, ಆಮೇಲೆ ಕಹಿಯಾಗುತ್ತದೆ. ಆದರೆ ಹುಚ್ಚೆಳ್ಳಿನ ಬದಲು ಅದನ್ನು ಹುರಿದು, ಒಣಮೆಣಸಿನಕಾಯಿ, ಹುಣಸೆ, ಬೆಳ್ಳುಳ್ಳಿಯೊಡನೆ ಚಟ್ನಿಪುಡಿ ಮಾಡಿದಾಗ ಆ ಕಹಿಯೇ ರುಚಿಯಾಯಿತು. ಕಾಗಜಿಯ ಪುಡಿ ಅದರ ಮುಂದೆ ಸಪ್ಪೆ. ಮನೆಯಲ್ಲಿ ಇದನ್ನು ಒಪ್ಪದವರೂ ಇದ್ದಾರೆ.

ಮರಗಳ ವಿಷಯದಲ್ಲಿ ಕಸಿಯದೇ ಮೇಲುಗೈ. ಅದು ನಾಲ್ಕೈದು ವರ್ಷಕ್ಕೆ ಫಲ ಕೊಡಲಾರಂಭಿಸಿದರೆ, ಬೀಜದಿಂದ ಹುಟ್ಟಿದ ಮರಕ್ಕೆ ಹತ್ತು ವರ್ಷವಾದರೂ ಬೇಕು. ಬಹಳ ಎತ್ತರ ಬೆಳೆಯುವ ಅದನ್ನು ಹತ್ತಿ ಗಳುವಿನಿಂದ ಬಡಿದು ಕಾಯಿ ಉದುರಿಸುವುದು ಅಪಾಯದ ಕೆಲಸ. ಒಂದೇ ಮರದ ಗಂಡು ಹೂವೂ ಹೆಣ್ಣು ಹೂವೂ ಸಾಮಾನ್ಯವಾಗಿ ಬೇರೆ ಬೇರೆ ಸಮಯಕ್ಕೆ ಅರಳಿ ಪಕ್ಕದ ಮರದ ಪರಾಗ ಸೇರುವುದರಿಂದ, ಕಾಗಜಿಯ ಬೀಜ ನೆಟ್ಟರೆ ಕಾಗಜಿಯೇ ಬರುವ ಭರವಸೆಯಿಲ್ಲ. ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೇಕಾದ್ದರಿಂದ ತುಮಕೂರಿನಲ್ಲಿ ಎರಡೂ ಫಲ ಕೊಡಲಾರವು.

ನನ್ನ ತೀರ್ಮಾನ ಬದಲಾದದ್ದು ಬೇಸಿಗೆಯಲ್ಲಿ. ತಿರುಳಿನಲ್ಲಿ ಶೇ. 60ಕ್ಕೂ ಹೆಚ್ಚು ಎಣ್ಣೆಯಂಶವಿರುವುದರಿಂದ ಗಾಳಿ, ಬಿಸಿ ತಾಗಿದರೆ ಅದು ಕಮಟುತ್ತದೆ. ಒಡೆಯದೆ ಡಬ್ಬಿಯಲ್ಲಿಟ್ಟ ಕಾಗಜಿಯ ತೆಳುಚಿಪ್ಪಿನ ಹೊಲಿಗೆ ಅಲ್ಲಲ್ಲಿ ಬಿಟ್ಟುಕೊಂಡಿತ್ತು. ಏಪ್ರಿಲ್ ನಡುವಿಗೆ ಆ ಕಾಯಿಗಳು ಕಮಟಿದವು. ಗಟ್ಟಿಕಾಯಿ ಮೇ ಕೊನೆಯಲ್ಲೂ ಕೆಟ್ಟಿರಲಿಲ್ಲ. ಈ ಸಲ ಯುಗಾದಿಯವರೆಗಿನ ಖರ್ಚಿಗೆ ಎರಡು ಕೆ.ಜಿ. ಕಾಗಜಿಯನ್ನೂ ಅನಂತರಕ್ಕೆ ಒಂದು ಕೆ.ಜಿ. ಕಾಡುಕಾಯಿಯನ್ನೂ ತರಲು ಅಳಿಯನಿಗೆ ಹೇಳಿದ್ದೇನೆ.