ಬೂಸ್ಟು ಹಿಡಿದ ದ್ರಾಕ್ಷಿಯ ಮನೆ: ಶಾತೋ ದಿಕೆಮ್

ನಮ್ಮಪ್ಪ ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದರು. ಗೊನೆಯಲ್ಲಿ ಒಂದು ಕಾಳು ಕೊಳೆತರೂ ಕತ್ತರಿ ಹಿಡಿದು ಓಡುತ್ತಿದ್ದರು. ಅಂಥವರ ಮಗ ನಾನು, ಕಳೆದ ಅಕ್ಟೋಬರಿನಲ್ಲಿ ಫ್ರಾನ್ಸಿನ ಸೋತೆರ್ನ್‌ನಲ್ಲಿ ಪೂರಾ ಬೂಸ್ಟು ಹಿಡಿದ ಗೊನೆಯೊಂದನ್ನು ಕೈಯಲ್ಲಿಟ್ಟುಕೊಂಡು ನಿಂತಿದ್ದೆ. ಕಂದು ಬಣ್ಣ, ಸುಕ್ಕು ಸುಕ್ಕು, ಮೇಲೆ ಒಲೆ ಬೂದಿ ಚೆಲ್ಲಿದ ಹಾಗೆ. ಹೆದರುತ್ತಲೇ ಒಂದು ಕಾಳು ಬಾಯಿಗೆ ಹಾಕಿಕೊಂಡೆ. ಜೇನು!

ಇದು ಶಾತೋ ದಿಕೆಮ್, ಸಿಹಿ ಬಿಳಿ ವೈನಿಗೆ ಹೆಸರಾದ ದ್ರಾಕ್ಷಿ ಎಸ್ಟೇಟು. ಇಲ್ಲಿ ಸಿರೋನ್ ಅನ್ನುವ ತಣ್ಣನೆಯ ಹೊಳೆ ಗರೋನ್ ನದಿಗೆ ಸೇರುತ್ತದೆ. ಅದರಿಂದ ಬೆಳಿಗ್ಗೆ ಮಂಜು, ಮಧ್ಯಾಹ್ನ ಬಿಸಿಲು. ಮಂಜಿಗೆ ಬೊಟ್ರೈಟಿಸ್ ಬೂಸ್ಟು ಹತ್ತುತ್ತದೆ, ಬಿಸಿಲಿಗೆ ಹಣ್ಣಿನ ನೀರು ಆರಿ ಸಕ್ಕರೆ ಉಳಿಯುತ್ತದೆ. ಬೂಸ್ಟು ಎಲ್ಲಕ್ಕೂ ಒಟ್ಟಿಗೆ ಹಿಡಿಯುವುದಿಲ್ಲ. ಹಾಗಾಗಿ ಕೊಯ್ಯುವವರು ಅದೇ ಸಾಲಿಗೆ ಮತ್ತೆ ಮತ್ತೆ ಬಂದು, ಬೇಕಾದ್ದನ್ನು ಮಾತ್ರ ಆರಿಸುತ್ತಾರೆ. ಬಳ್ಳಿಗೆ ಒಂದೇ ಗ್ಲಾಸ್ ವೈನ್ ಅಂತ ಅಲ್ಲಿನ ಲೆಕ್ಕ. ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: "ಆಳಿನ ಪಗಾರಾದ್ರೂ ಹುಟ್ಟತೈತೇನೋ?"

ಹುಟ್ಟುತ್ತದೆ ಅಪ್ಪಾ. 1811ರ ಒಂದು ಬಾಟಲಿ 2011ರಲ್ಲಿ 75,000 ಪೌಂಡಿಗೆ ಹೋಗಿದೆ.

ಹೆಸರು ಸುಮ್ನೆ ಬಂದಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಜೆಫರ್ಸನ್ ಇಲ್ಲಿಂದ ವೈನ್ ತರಿಸಿಕೊಂಡಿದ್ದರು. ಬೋರ್ಡೋ ಪ್ರದೇಶದ ಸಿಹಿ ವೈನ್‌ಗಳ 1855ರ ವರ್ಗೀಕರಣದಲ್ಲಿ ಇದೊಂದಕ್ಕೇ ಎಲ್ಲರಿಗಿಂತ ಮೇಲಿನ ಪ್ರತ್ಯೇಕ ದರ್ಜೆ ಕೊಟ್ಟರು. ಆದರೆ ನನಗೆ ಇಷ್ಟವಾದದ್ದು ಜೋಸೆಫಿನ್ ಕಥೆ. ಎಸ್ಟೇಟು ಅವಳ ತವರಿನದು. 1785ರಲ್ಲಿ ಲೂರ್ ಸಾಲ್ಯೂಸ್ ಮನೆತನದವನನ್ನು ಮದುವೆಯಾದಳು, ಮೂರೇ ವರ್ಷಕ್ಕೆ ಗಂಡ ತೀರಿಕೊಂಡ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಎರಡು ಸಲ ಜೈಲಿಗೆ ಹೋಗಿ ಬಂದಳು. ಆಮೇಲೂ ತೋಟ ಬಿಡಲಿಲ್ಲ. 1826ರಲ್ಲಿ ವೈನ್ ಇಡುವ ಕಟ್ಟಡವನ್ನೂ ಕಟ್ಟಿಸಿದಳು. ಈಗ ಎಸ್ಟೇಟು ಐಷಾರಾಮಿ ವಸ್ತುಗಳ ದೊಡ್ಡ ಕಂಪನಿ ಎಲ್‌ವಿಎಂಎಚ್ ಕೈಯಲ್ಲಿದೆ, ಬಿಡಿ.

ಹಠ ಮಾತ್ರ ಹಾಗೇ ಇದೆ. ಬೆಳೆ ಮನಸ್ಸಿಗೆ ಬರದಿದ್ದರೆ ಆ ವರ್ಷ ಈ ಹೆಸರಿನ ವೈನೇ ಇಲ್ಲ. 1972, 1974, 1992, 2012 ಹಾಗೆ ಖಾಲಿ ಹೋದ ವರ್ಷಗಳು. ರೈತನ ಮಗನಾಗಿ ನನಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ರುಚಿಗೆ ಬಂದರೆ, ಮೂಗಿಗೆ ಮೊದಲು ಕೇಸರಿ, ಆಮೇಲೆ ಒಣ ಏಪ್ರಿಕಾಟ್, ಕಿತ್ತಳೆ ಸಿಪ್ಪೆ. ಸಿಹಿ ಜಾಸ್ತಿಯೇ. ಆದರೆ ಹಿಂದೆಯೇ ಒಂದು ಹುಳಿ ಬಂದು ನಾಲಿಗೆ ತೊಳೆಯುತ್ತದೆ. ಅದಿಲ್ಲದಿದ್ದರೆ ಇದು ಪಾಕ ಅಷ್ಟೇ ಅಲ್ವಾ? ಸುರಿದದ್ದು ಎರಡು ಗುಟುಕು. ವಾಪಸ್ ಕರೆದುಕೊಂಡು ಹೋಗಬೇಕಿದ್ದ ಟ್ಯಾಕ್ಸಿ ಒಂದೂವರೆ ಗಂಟೆ ತಡವಾಗಿ ಬಂತು. ಅಷ್ಟೂ ಹೊತ್ತು ಅದೇ ರುಚಿ ಬಾಯಲ್ಲಿತ್ತು.

ಬೆಲೆ ನೋಡಿ ಪೂರ್ತಿ ಬಾಟಲಿಗೆ ಧೈರ್ಯ ಸಾಲದೆ ಅರ್ಧ ಬಾಟಲಿ ತಂದೆ. ಇದರ ಜೊತೆ ಸಿಹಿ ತಿನ್ನಬೇಡಿ. ಧಾರವಾಡ ಪೇಡೆ ಇಟ್ಟು ನೋಡಿದೆ, ವೈನೂ ಕೆಟ್ಟಿತು, ಪೇಡೆಯೂ ಕೆಟ್ಟಿತು. ಉಪ್ಪುಪ್ಪಾದ ರೋಕ್‌ಫೋರ್ ಚೀಸ್ ಒಳ್ಳೆಯ ಜೋಡಿ. ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಬೇಗ ಕೆಡುವುದಿಲ್ಲ. ನನ್ನದು ನಾಲ್ಕನೇ ದಿನ ಮೊದಲ ದಿನಕ್ಕಿಂತ ಚೆನ್ನಾಗಿತ್ತು.